ಶಿಕ್ಷೆ ರದ್ದಾಗಿದೆ, ಅಕ್ಕನಿಗಾದದ್ದು ರದ್ದಾಗಿಲ್ಲ

ಪ್ರಶ್ನೆ:

ಹದಿನೇಳು ವರ್ಷಗಳ ಹಿಂದೆ ನನ್ನ ಅಕ್ಕ ಮನೆಯಲ್ಲಿ ಒಬ್ಬಳೇ ಇದ್ದಾಗ ಯಾರೋ ಒಳನುಗ್ಗಿ ಅವಳ ಮೇಲೆ ಅತ್ಯಾಚಾರ ಮಾಡಿದ. ಪೊಲೀಸರು ತೋರಿಸಿದ ಫೋಟೊಗಳಲ್ಲಿ ಅವಳು ಒಬ್ಬನನ್ನು ಗುರುತಿಸಿದಳು. ಕೋರ್ಟಿನಲ್ಲೂ ಅವನೇ ಎಂದಳು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಕಳೆದ ತಿಂಗಳು ಡಿಎನ್‌ಎ ಪರೀಕ್ಷೆಯಲ್ಲಿ ಅವನಲ್ಲವೆಂದು ಖಚಿತವಾಗಿ, ನ್ಯಾಯಾಲಯ ಶಿಕ್ಷೆ ರದ್ದುಮಾಡಿ ಅವನನ್ನು ಬಿಡುಗಡೆ ಮಾಡಿತು. ನಮಗೆ ಯಾರೂ ತಿಳಿಸಲಿಲ್ಲ. ಅಕ್ಕನಿಗೆ ಗೊತ್ತಾದದ್ದು ಟಿವಿ ಸುದ್ದಿಯಿಂದ. ಅಂದಿನಿಂದ ಸರಿಯಾಗಿ ಊಟವಿಲ್ಲ, ನಿದ್ದೆಯಿಲ್ಲ. ರಾತ್ರಿ ಎದ್ದೆದ್ದು ಚಿಲಕ ನೋಡುತ್ತಾಳೆ. "ಒಬ್ಬ ನಿರಪರಾಧಿಯ ಬದುಕನ್ನು ನಾನೇ ಹಾಳು ಮಾಡಿದೆ" ಅನ್ನುತ್ತಾಳೆ. ಅಮ್ಮ "ಹಳೆಯದನ್ನು ಕೆದಕಬೇಡ, ಮರೆತುಬಿಡು" ಅನ್ನುತ್ತಾರೆ. ವರದಿಗಾರರು ಫೋನ್ ಮಾಡುತ್ತಿದ್ದಾರೆ. ಅಕ್ಕ ಸುಳ್ಳು ಹೇಳಿದಳೆಂದು ಜನ ಬರೆಯುತ್ತಿದ್ದಾರೆ. ತಂಗಿಯಾಗಿ ನಾನೇನು ಮಾಡಲಿ? ಯಾರ ಪರ ನಿಲ್ಲಬೇಕೆಂದೂ ತಿಳಿಯುತ್ತಿಲ್ಲ. ಜೈಲಿನಲ್ಲಿ ಕೊಳೆತ ಆ ಮನುಷ್ಯನನ್ನು ನೆನೆದರೂ ಕರುಳು ಚುರುಕ್ಕೆನ್ನುತ್ತದೆ.

ಉತ್ತರ:

ನಿಮ್ಮ ಕೊನೆಯ ಮಾತಿನಿಂದಲೇ ಶುರುಮಾಡುತ್ತೇನೆ. ಆ ಮನುಷ್ಯನನ್ನು ನೆನೆದು ನಿಮಗೆ ಸಂಕಟವಾಗುತ್ತಿದ್ದರೆ ಅದು ಅಕ್ಕನಿಗೆ ಮಾಡುವ ದ್ರೋಹವಲ್ಲ. ಅವರಿಗೆ ಅನ್ಯಾಯವಾಗಿದೆ, ನಿಮ್ಮ ಅಕ್ಕನಿಗೂ ಆಗಿದೆ. ಇಬ್ಬರಿಗೂ ಕೇಡು ಮಾಡಿದವನು ಆ ರಾತ್ರಿ ಮನೆಗೆ ನುಗ್ಗಿದ ಮೂರನೆಯವನು. ಆ ಕೇಡನ್ನು ಬೆಳೆಸಿದ್ದು ತನಿಖೆಯಲ್ಲಿ ನಡೆದ ತಪ್ಪು. ಇಬ್ಬರ ಪರವಾಗಿಯೂ ನಿಲ್ಲುವುದಕ್ಕೆ ನಿಮ್ಮಲ್ಲಿ ಜಾಗವಿದೆ.

ಆದರೆ ಅಕ್ಕನಿಗೆ ಇವತ್ತು ಬೇಕಾಗಿರುವುದು ಇನ್ನೊಂದು ಮಾತು. ಶಿಕ್ಷೆ ರದ್ದಾದ ಸುದ್ದಿ ಬಂದಾಗ ಸುತ್ತಲಿನವರೆಲ್ಲ ಬಿಡುಗಡೆಯಾದವರ ಬಗ್ಗೆ ಮಾತಾಡುತ್ತಾರೆ. ಅದು ಸಹಜ, ನ್ಯಾಯವೂ ಹೌದು. ಆ ಗದ್ದಲದಲ್ಲಿ ಮೂಲ ಅಪರಾಧವೇ ಮರೆಯಾಗಿಬಿಡುತ್ತದೆ. ಕೆಲವರ ಬಾಯಲ್ಲಂತೂ ಅದು ನಡೆದೇ ಇಲ್ಲವೇನೋ ಎಂಬಂತಾಗುತ್ತದೆ. ನ್ಯಾಯಾಲಯ ರದ್ದು ಮಾಡಿದ್ದು ಒಬ್ಬ ವ್ಯಕ್ತಿಯ ಮೇಲಿನ ಶಿಕ್ಷೆಯನ್ನು ಮಾತ್ರ. ನಿಮ್ಮ ಅಕ್ಕನ ಮೇಲೆ ಅತ್ಯಾಚಾರ ನಡೆದದ್ದು ನಿಜ. ಅದೇ ಡಿಎನ್‌ಎ ವರದಿಯೇ ಅದಕ್ಕೆ ಸಾಕ್ಷಿ: ಅಲ್ಲಿ ಒಬ್ಬ ಗಂಡಸು ಇದ್ದ, ಅವನು ಇವರಲ್ಲ, ಬೇರೆಯವನು. ಇವತ್ತು ಸಂಜೆ ಅಕ್ಕನ ಪಕ್ಕ ಕೂತು ಇಷ್ಟನ್ನು ಹೇಳಿ: "ನಿನಗೆ ಆದದ್ದು ಆಗಿದೆ. ನಾನು ಅದನ್ನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ." ಉಳಿದ ಮಾತುಗಳಿಗೆ ಆತುರವಿಲ್ಲ.

ಮಾತಿನ ನಡುವೆ, ಬದುಕು ಸಾಕು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಊಟ ನಿದ್ದೆ ಬಿಟ್ಟು ತನ್ನನ್ನೇ ಹಳಿದುಕೊಳ್ಳುವವರನ್ನು ಹೀಗೆ ಕೇಳಲೇಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಭಯ ಎಲ್ಲ ಮನೆಗಳಲ್ಲೂ ಇದೆ. ಹಾಗಾಗುವುದಿಲ್ಲ. ಕೇಳಿದಾಗ ಎದೆಯ ಭಾರ ಇಳಿದು ಅತ್ತವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ. ಈ ಉತ್ತರದ ಉಳಿದ ಭಾಗವನ್ನು ಆಮೇಲೆ ಓದಬಹುದು.

ಇನ್ನು ಜನ ಬರೆಯುತ್ತಿರುವ ಆ "ಸುಳ್ಳು" ಎಂಬ ಪದ. ಸುಳ್ಳು ಬೇರೆ, ತಪ್ಪು ಬೇರೆ. ಗೊತ್ತಿದ್ದೂ ಇಲ್ಲದ್ದನ್ನು ಹೇಳುವುದು ಸುಳ್ಳು. ಕಂಡದ್ದನ್ನು ಪ್ರಾಮಾಣಿಕವಾಗಿ ಹೇಳಿದರೂ ಅದು ಸರಿಯಿಲ್ಲದಿರುವುದು ತಪ್ಪು. ನಿಮ್ಮ ಅಕ್ಕ ಸಾಕ್ಷಿ ಕಟಕಟೆಯಲ್ಲಿ ನಿಂತು ತನಗೆ ನಿಜವೆಂದು ಅನ್ನಿಸಿದ್ದನ್ನೇ ಹೇಳಿದರು. ಇದನ್ನು ಬರೀ ಸಮಾಧಾನಕ್ಕೆಂದು ಹೇಳುತ್ತಿಲ್ಲ. ನೆನಪು ಹೇಗೆ ಕೆಲಸ ಮಾಡುತ್ತದೆ ಎಂಬುದು ಅರ್ಥವಾದರೆ ಅಕ್ಕನ ಅಪರಾಧಿ ಪ್ರಜ್ಞೆಯ ಅರ್ಧ ಗಂಟು ಸಡಿಲವಾಗುತ್ತದೆ. ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

1984ರ ಜುಲೈನಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಜೆನಿಫರ್ ಥಾಂಪ್ಸನ್ ಎಂಬ 22ರ ವಿದ್ಯಾರ್ಥಿನಿಯ ಮೇಲೆ ಇಂಥದೇ ದಾಳಿ ನಡೆಯಿತು. ಬದುಕಿ ಉಳಿದರೆ ಇವನನ್ನು ಹಿಡಿಸಲೇಬೇಕೆಂದು ಆಕೆ ಆ ಹೊತ್ತಿನಲ್ಲೂ ಅವನ ಮುಖವನ್ನು ಗಮನವಿಟ್ಟು ನೋಡಿದರು. ಪೊಲೀಸರು ಫೋಟೊಗಳನ್ನು ತೋರಿಸಿದಾಗ ರೊನಾಲ್ಡ್ ಕಾಟನ್ ಎಂಬಾತನನ್ನು ಆರಿಸಿದರು. ಬಳಿಕ ಸಾಲಾಗಿ ನಿಲ್ಲಿಸಿದವರಲ್ಲೂ ಆತನನ್ನೇ ತೋರಿಸಿದರು. ಫೋಟೊದಲ್ಲಿ ಆರಿಸಿದ್ದೂ ಇದೇ ವ್ಯಕ್ತಿಯನ್ನು ಎಂದು ಪೊಲೀಸರು ಹೇಳಿದಾಗ ಆಕೆಗೆ ಇದ್ದಬದ್ದ ಅನುಮಾನವೂ ಹೋಯಿತು. ಮುಂದಿನ ವರ್ಷ ಕಾಟನ್‌ಗೆ ಶಿಕ್ಷೆಯಾಯಿತು. 1987ರ ಎರಡನೆಯ ವಿಚಾರಣೆಯಲ್ಲಿ ಬಾಬಿ ಪೂಲ್ ಎಂಬ ಇನ್ನೊಬ್ಬ ಕೈದಿಯನ್ನು ಆಕೆಯ ಮುಂದೆ ತಂದು ನಿಲ್ಲಿಸಿದರು. ಇವನನ್ನು ಎಂದೂ ನೋಡಿಲ್ಲ ಎಂದರು ಥಾಂಪ್ಸನ್. 1995ರಲ್ಲಿ ಡಿಎನ್‌ಎ ಪರೀಕ್ಷೆ ಬಂದಾಗ ಅಪರಾಧಿ ಆ ಪೂಲ್ ಎಂದೇ ತಿಳಿಯಿತು. ತನ್ನ ಮೇಲೆ ದಾಳಿ ಮಾಡಿದವನೇ ಎದುರಿಗಿದ್ದರೂ ಆಕೆಗೆ ಗುರುತು ಹತ್ತಿರಲಿಲ್ಲ. ಅಷ್ಟರಲ್ಲಿ ಆ ರಾತ್ರಿಯ ನೆನಪಿನೊಳಗೆ ಕಾಟನ್ ಮುಖ ಬಂದು ಕೂತುಬಿಟ್ಟಿತ್ತು.

ಇದು ಹೇಗಾಗುತ್ತದೆ? ಜೀವಭಯದಲ್ಲಿ ಮನಸ್ಸು ಇಡೀ ದೃಶ್ಯವನ್ನು ಹಿಡಿದಿಡುವುದಿಲ್ಲ. ಚಾಕುವಿದ್ದರೆ ಕಣ್ಣು ಚಾಕುವಿನ ಮೇಲೇ ಇರುತ್ತದೆ. ಉಳಿದ ತೂತುಗಳನ್ನು ಮನಸ್ಸು ಆಮೇಲೆ ಸಿಕ್ಕಿದ್ದರಿಂದ ತುಂಬಿಕೊಳ್ಳುತ್ತದೆ. ಆರು ಫೋಟೊ ಎದುರಿಗಿಟ್ಟಾಗ, ಇವರಲ್ಲಿ ಒಬ್ಬ ಇದ್ದೇ ಇರುತ್ತಾನೆಂಬ ಎಣಿಕೆಯಲ್ಲಿ, ಮನಸ್ಸಿನಲ್ಲಿರುವ ಮುಖಕ್ಕೆ ಹೆಚ್ಚು ಹೋಲುವವನನ್ನು ನಾವು ಆರಿಸುತ್ತೇವೆ. ನಿಜವಾದವನು ಆ ಆರರಲ್ಲಿ ಇಲ್ಲದಿದ್ದರೂ ಹೋಲುವವನೊಬ್ಬ ಇದ್ದೇ ಇರುತ್ತಾನಲ್ಲ. ಆ ಗಳಿಗೆಯಿಂದ ಮನಸ್ಸು ನೆನೆಯುವುದು ಫೋಟೊದ ಮುಖವನ್ನು. ಮುಂದೆ ಪ್ರತಿ ವಿಚಾರಣೆಯಲ್ಲೂ ಆ ಮುಖವೇ ಮತ್ತಷ್ಟು ಗಟ್ಟಿಯಾಗುತ್ತ ಹೋಗುತ್ತದೆ.

ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನಾನು ಸಂತ್ರಸ್ತರಿಗೆ ಯಾವಾಗಲೂ ಹೇಳುತ್ತೇನೆ. ಜನರಿಗೆ ಒಂದು ವಿಡಿಯೊ ತೋರಿಸಿ, ಅದರಲ್ಲಿದ್ದವನನ್ನು ಫೋಟೊಗಳಲ್ಲಿ ಗುರುತಿಸಲು ಹೇಳಿದರು. ಫೋಟೊಗಳಲ್ಲಿ ಆ ವ್ಯಕ್ತಿ ಇರಲೇ ಇಲ್ಲ. ಅಂದರೆ ಆರಿಸಿದವರೆಲ್ಲರದೂ ತಪ್ಪೇ. ಅವರಲ್ಲಿ ಕೆಲವರಿಗೆ "ಸರಿಯಾಗಿ ಗುರುತಿಸಿದಿರಿ" ಎಂಬ ಒಂದೇ ಮಾತು ಹೇಳಲಾಯಿತು. ಆ ಮಾತು ಕೇಳಿದವರು, ತಮಗೆ ಮೊದಲಿನಿಂದಲೂ ಖಚಿತವಿತ್ತು, ಮುಖ ಚೆನ್ನಾಗಿ ಕಂಡಿತ್ತು, ಗಮನವಿಟ್ಟು ನೋಡಿದ್ದೆವು ಎಂದೆಲ್ಲ ಉಳಿದವರಿಗಿಂತ ಬಹಳ ಹೆಚ್ಚಾಗಿ ಹೇಳಿದರು. ಒಂದು ಶಹಬ್ಬಾಸ್ ಮಾತು ಹಿಂದಕ್ಕೆ ಹೋಗಿ ನೆನಪನ್ನೇ ತಿದ್ದಿತ್ತು. ನಿಮ್ಮ ಅಕ್ಕನಿಗೂ ಅಂದು ಠಾಣೆಯಲ್ಲಿ ಯಾರಾದರೂ "ನೀವು ತೋರಿಸಿದವನ ಮೇಲೇ ನಮಗೂ ಅನುಮಾನವಿತ್ತು" ಎಂದಿರಬಹುದು. ಧೈರ್ಯ ತುಂಬಲೆಂದೇ ಹೇಳಿರಬಹುದು. ಅಕ್ಕನಿಗೆ ಇಷ್ಟವಿದ್ದರೆ ಆ ದಿನ ಯಾರು ಏನು ಹೇಳಿದರೆಂದು ನಿಧಾನವಾಗಿ ನೆನೆಸಿಕೊಳ್ಳಲಿ. "ನಾನೇ ಹಾಳು ಮಾಡಿದೆ" ಎನ್ನುವ ಕಥೆಯೊಳಗೆ ಇನ್ನೂ ಎಷ್ಟು ಜನರಿದ್ದರು ಎಂದು ಆಗ ಕಾಣಿಸುತ್ತದೆ.

ಇದಕ್ಕಾಗಿಯೇ ಈಗ ಎಷ್ಟೋ ಕಡೆ ಪದ್ಧತಿ ಬದಲಾಗಿದೆ. ಶಂಕಿತ ಯಾರೆಂದು ಗೊತ್ತಿಲ್ಲದ ಅಧಿಕಾರಿಯೇ ಫೋಟೊ ತೋರಿಸಬೇಕು, "ಇವರಲ್ಲಿ ಅವನು ಇಲ್ಲದೆಯೂ ಇರಬಹುದು" ಎಂದು ಮೊದಲೇ ಹೇಳಬೇಕು, ಗುರುತಿಸಿದ ಕೂಡಲೇ ಎಷ್ಟು ಖಚಿತ ಎಂಬುದನ್ನು ಸಾಕ್ಷಿಯ ಮಾತಿನಲ್ಲೇ ಬರೆದುಕೊಳ್ಳಬೇಕು. ಈ ಎಚ್ಚರಗಳು ಪೊಲೀಸರ ಜವಾಬ್ದಾರಿ. ಗಾಯಗೊಂಡ ಹೆಂಗಸೊಬ್ಬಳು ಠಾಣೆಯಲ್ಲಿ ಕೂತು ನೆನಪಿನ ಶಾಸ್ತ್ರ ತಿಳಿದಿರಬೇಕೆಂದು ಯಾರೂ ನಿರೀಕ್ಷಿಸಲಾಗದು. ಇನ್ನೊಸೆನ್ಸ್ ಪ್ರಾಜೆಕ್ಟ್ ಎಂಬ ಅಮೆರಿಕದ ಸಂಸ್ಥೆ 1992ರಿಂದ ಇಂಥ ಪ್ರಕರಣಗಳನ್ನು ಕೈಗೆತ್ತಿಕೊಳ್ಳುತ್ತಿದೆ. ಆ ದೇಶದಲ್ಲಿ ಡಿಎನ್‌ಎಯಿಂದ ನಿರ್ದೋಷಿಗಳೆಂದು ಸಾಬೀತಾದ ಪ್ರಕರಣಗಳಲ್ಲಿ ಹತ್ತಕ್ಕೆ ಸುಮಾರು ಏಳರಲ್ಲಿ ಕಣ್ಣಾರೆ ಕಂಡವರ ತಪ್ಪು ಗುರುತಿಸುವಿಕೆ ಇತ್ತು ಎಂಬುದು ಅದರ ಲೆಕ್ಕ. ಇದೊಂದು ಮಾತನ್ನು ಅಕ್ಕನಿಗೆ ಹೇಳಿ. ತನಗೊಬ್ಬಳಿಗೇ ಆದ ವಿಚಿತ್ರ ತಪ್ಪೆಂದು ಅವರು ಅಂದುಕೊಂಡಿರುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಅಕ್ಕ "ಆದರೂ ಬೊಟ್ಟು ಮಾಡಿದ್ದು ನಾನೇ ಅಲ್ಲವೇ" ಅನ್ನುತ್ತಾರೆ. ಅನ್ನಲಿ. ವಾದಕ್ಕಿಳಿಯಬೇಡಿ. "ಅದರಲ್ಲಿ ನಿಂದೇನೂ ಇಲ್ಲ, ಬಿಡು" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ, ತನ್ನ ಸಂಕಟ ಇವರಿಗೆ ತಲುಪಲೇ ಇಲ್ಲ ಎಂದುಕೊಂಡು ಅವರು ಬಾಯಿ ಮುಚ್ಚುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1985ರಲ್ಲಿ ದಾಳಿಗೊಳಗಾದ ಪೆನಿ ಬೀರ್ನ್‌ಟ್ಸನ್ ಎಂಬವರು ಗುರುತಿಸಿದ ವ್ಯಕ್ತಿ 18 ವರ್ಷ ಜೈಲಿನಲ್ಲಿದ್ದ ಮೇಲೆ, 2003ರಲ್ಲಿ ಆತನಲ್ಲವೆಂದು ಡಿಎನ್‌ಎ ಹೇಳಿತು. ಆ ಸುದ್ದಿ ತಿಳಿದ ದಿನ, ದಾಳಿ ನಡೆದ ದಿನಕ್ಕಿಂತ ಕಷ್ಟದ್ದಾಗಿತ್ತು ಎಂದು ಆಕೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್‌ನ ನೆರವಿನಿಂದ ಇಂಥ 11 ಪ್ರಕರಣಗಳ ಸಂತ್ರಸ್ತರನ್ನು ಮಾತಾಡಿಸಿ 2013ರಲ್ಲಿ ಬಂದ ಅಧ್ಯಯನದಲ್ಲೂ ಅದೇ ದನಿಯಿದೆ: ಈ ಎರಡನೆಯ ಪೆಟ್ಟು ಮೊದಲನೆಯದಕ್ಕೆ ಸಮ, ಕೆಲವರಿಗೆ ಅದಕ್ಕೂ ಹೆಚ್ಚು. ದಾಳಿಯಾದಾಗ ಅವರು ನೋವುಂಡವರು ಮಾತ್ರ. ಈಗ ತಾವು ಇನ್ನೊಬ್ಬರನ್ನು ನೋಯಿಸಿದವರೂ ಹೌದೆಂದು ಅನ್ನಿಸುತ್ತದೆ. ಈ ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳುವುದು ಯಾರಿಗೂ ಸುಲಭವಲ್ಲ. ಆದ್ದರಿಂದ "ನಿನ್ನದೇನೂ ಇಲ್ಲ" ಎನ್ನುವ ಬದಲು, "ಅವರ ಬಗ್ಗೆ ನಿನಗೆ ಇಷ್ಟು ಸಂಕಟವಾಗುವುದು ನನಗೆ ಅರ್ಥವಾಗುತ್ತದೆ. ಆದರೆ ತಪ್ಪಾಗುವಂತೆ ಮಾಡಿದ್ದು ನೀನೊಬ್ಬಳೇ ಅಲ್ಲ" ಎಂದು ನೋಡಿ.

ಈಗ ಚಿಲಕದ ವಿಷಯ. ಅದನ್ನು ಹುಚ್ಚೆಂದು ಯಾರೂ ಅನ್ನದಂತೆ ನೋಡಿಕೊಳ್ಳಿ. ಹದಿನೇಳು ವರ್ಷ ಅಕ್ಕ ನಿದ್ದೆ ಮಾಡಿದ್ದು "ಅವನು ಜೈಲಿನಲ್ಲಿದ್ದಾನೆ" ಎಂಬ ನಂಬಿಕೆಯ ಮೇಲೆ. ಈಗ ಆ ನಂಬಿಕೆ ಹೋಗಿದೆ. ನಿಜವಾದವನು ಅಷ್ಟೂ ವರ್ಷ ಹೊರಗಿದ್ದಿರಬಹುದು, ಎಲ್ಲೋ ಎದುರಿಗೇ ಹಾದುಹೋಗಿರಬಹುದು ಎಂದು ಮನಸ್ಸು ಹಿಂದಿನ ದಿನಗಳನ್ನೆಲ್ಲ ಮತ್ತೆ ತಿರುವಿ ನೋಡುತ್ತದೆ. ಬಿಡುಗಡೆಯಾದವರು ಸೇಡಿಗೆ ಬಂದಾರೆಂಬ ಹೆದರಿಕೆಯೂ ಜೊತೆಗಿರುತ್ತದೆ. ನಾನು ಕಂಡ ಮಟ್ಟಿಗೆ ಈ ಎರಡನೆಯ ಭಯ ನಿಜವಾಗುವುದು ಬಹಳ ಅಪರೂಪ. ಹೊರಗೆ ಬಂದವರು ತಮ್ಮ ಮುರಿದ ಬದುಕನ್ನು ಕೂಡಿಸಿಕೊಳ್ಳುವುದರಲ್ಲೇ ಮುಳುಗಿರುತ್ತಾರೆ. ಹಾಗಂತ ಅಕ್ಕನ ಭಯವನ್ನು ಅಲ್ಲಗಳೆಯಬೇಡಿ. ಬೀಗ ಬದಲಿಸಬೇಕೆಂದರೆ ಬದಲಿಸಿ. ಕೆಲವು ವಾರ ಅವರ ಕೋಣೆಯಲ್ಲೇ ಮಲಗಿ.

ಮೊದಲನೆಯ ಭಯಕ್ಕೆ ಮದ್ದು ಮಾಹಿತಿ. ಅದನ್ನು ಕೇಳಿ ಪಡೆಯುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಪ್ರಾಸಿಕ್ಯೂಷನ್ ಕಚೇರಿಗೂ ಪ್ರಕರಣ ಈಗ ಯಾವ ಪೊಲೀಸ್ ಘಟಕದಲ್ಲಿದೆಯೋ ಅಲ್ಲಿಗೂ ಬರವಣಿಗೆಯಲ್ಲೇ ಕೇಳಿ. ಯಾವ ವಸ್ತುವಿನ ಮೇಲೆ ಪರೀಕ್ಷೆ ನಡೆಯಿತು, ಸಿಕ್ಕ ಡಿಎನ್‌ಎ ಬೇರೆ ಯಾರಿಗಾದರೂ ಹೊಂದುತ್ತದೆಯೇ, ಹೊಂದಿದ್ದರೆ ಆ ವ್ಯಕ್ತಿ ಈಗ ಸೆರೆಯಲ್ಲಿದ್ದಾನೋ, ಹೊರಗಿದ್ದಾನೋ, ಸತ್ತಿದ್ದಾನೋ? ತನಿಖೆ ಮತ್ತೆ ತೆರೆದಿದೆಯೇ, ತನಿಖಾಧಿಕಾರಿ ಯಾರು, ಅಕ್ಕ ಮತ್ತೆ ಹೇಳಿಕೆ ಅಥವಾ ರಕ್ತದ ಮಾದರಿ ಕೊಡಬೇಕಾಗುತ್ತದೆಯೇ? ಅವರ ಹೆಸರನ್ನು ಗೋಪ್ಯವಾಗಿಡಲು ಯಾವ ಆದೇಶವಿದೆ, ಅದು ಈಗಲೂ ಜಾರಿಯಲ್ಲಿದೆಯೇ? ಇನ್ನು ಮುಂದೆ ಯಾವ ಬೆಳವಣಿಗೆಯಾದರೂ ಪತ್ರಿಕೆಗಿಂತ ಮೊದಲು ನಮಗೆ ತಿಳಿಸಬೇಕು, ತಿಳಿಸುವವರು ಇಂಥವರು ಎಂದು ಒಬ್ಬರನ್ನು ಗೊತ್ತುಮಾಡಿ ಎಂದೂ ಬರೆಯಿರಿ. ಫೋನಿನಲ್ಲಿ ಸಿಕ್ಕ ಉತ್ತರವನ್ನು ದಿನಾಂಕ ಹಾಕಿ ಗುರುತಿಟ್ಟುಕೊಳ್ಳಿ. ಉತ್ತರಗಳನ್ನೆಲ್ಲ ಒಮ್ಮೆಗೇ ಅಕ್ಕನ ಮುಂದೆ ಸುರಿಯಬೇಡಿ. "ಇದು ತಿಳಿದಿದೆ, ಈಗ ಕೇಳುತ್ತೀಯಾ, ಆಮೇಲೆ ಹೇಳಲಾ?" ಎಂದು ಕೇಳಿ. ಆ ಆಯ್ಕೆ ಅವರ ಕೈಯಲ್ಲಿರಲಿ. ಅವತ್ತಿನ ದಾಳಿಯಲ್ಲೂ ಈಗ ಟಿವಿಯಿಂದ ಬಂದ ಸುದ್ದಿಯಲ್ಲೂ ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ನಿಮಗೆ ಟಿವಿಯಿಂದ ಗೊತ್ತಾಯಿತು ಎಂದು ಓದಿ ನನಗೆ ಸಿಟ್ಟು ಬಂತು. ಹಾಗಾಗಬಾರದಿತ್ತು. ಥಾಂಪ್ಸನ್ ಅವರಿಗೆ ಈ ವಿಷಯ ತಿಳಿಸಿದ್ದು ಅವರ ಪ್ರಕರಣದ ತನಿಖಾಧಿಕಾರಿಯೇ, ಮನೆಗೆ ಬಂದು, ಎದುರು ನಿಂತು. ಆಘಾತವೇನೂ ಕಡಿಮೆಯಾಗಲಿಲ್ಲ. ಆದರೆ ಹೇಳಿದ್ದು ಗೊತ್ತಿದ್ದ ಮುಖ, ಪ್ರಶ್ನೆ ಕೇಳುವುದಕ್ಕೆ ಎದುರಿಗೆ ಮನುಷ್ಯರಿದ್ದರು. ಯಾರಿಗೆ ಯಾವಾಗ ಹೇಳಬೇಕೆಂಬುದಕ್ಕೆ ಒಂದೇ ನಿಯಮವಿಲ್ಲ. ಪರೀಕ್ಷೆ ಶುರುವಾದಾಗಲೇ ತಿಳಿಯಬೇಕೆನ್ನುವವರಿದ್ದಾರೆ. ಫಲಿತಾಂಶ ಖಚಿತವಾಗುವವರೆಗೆ ತಮ್ಮನ್ನು ಕಲಕಬೇಡಿ ಎನ್ನುವವರೂ ಇದ್ದಾರೆ. ಸುದ್ದಿ ಹೊರಬೀಳುವ ಮುನ್ನ ಎದುರೆದುರು ಬಂದು ಹೇಳುವುದು, ಜೊತೆಗೆ ಆಪ್ತಸಮಾಲೋಚಕರೊಬ್ಬರನ್ನು ಕರೆತರುವುದು, ಇಷ್ಟಂತೂ ಎಲ್ಲರಿಗೂ ಸಲ್ಲಬೇಕು. ನಿಮ್ಮ ಪತ್ರದಲ್ಲಿ ಇದನ್ನೂ ದಾಖಲಿಸಿ, ಕ್ಷಮೆ ಕೇಳಿ ಎಂದು ನೇರವಾಗಿಯೇ ಬರೆಯಿರಿ. ಬಿಡುಗಡೆಯಾದವರ ಮುಂದೆ ಕೆಲವೊಮ್ಮೆಯಾದರೂ ಅಧಿಕಾರಿಗಳು ತಲೆಬಾಗುತ್ತಾರೆ. "ನಿಮ್ಮ ಪ್ರಕರಣದ ತನಿಖೆಯನ್ನು ನಾವು ಕೆಡಿಸಿದೆವು" ಎಂದು ಸಂತ್ರಸ್ತೆಗೆ ಹೇಳಿದವರನ್ನು ನನ್ನ ಇಷ್ಟು ವರ್ಷಗಳಲ್ಲಿ ಎರಡು ಬಾರಿ ಮಾತ್ರ ಕಂಡಿದ್ದೇನೆ. ಆ ಇಬ್ಬರು ಹೆಂಗಸರಿಗೂ ಆ ಒಂದು ಮಾತು ಔಷಧಿಗಿಂತ ಹೆಚ್ಚಾಯಿತು.

ನಿಜವಾದವನು ಸಿಕ್ಕರೂ ಶಿಕ್ಷೆಯಾಗುತ್ತದೆಂಬ ಭರವಸೆ ಕೊಡಬೇಡಿ. ಇದು ಕಹಿ. ಥಾಂಪ್ಸನ್ ಪ್ರಕರಣದಲ್ಲಿ ಪೂಲ್ ತಪ್ಪೊಪ್ಪಿಕೊಂಡ. ಆದರೆ ಕೆಲವು ದೇಶಗಳಲ್ಲಿ ಇಂತಿಷ್ಟು ವರ್ಷದೊಳಗೆ ಮೊಕದ್ದಮೆ ಹೂಡಬೇಕೆಂಬ ಮಿತಿಯಿದೆ. 1989ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಎಂಬ ಉದ್ಯಾನದಲ್ಲಿ ಮಹಿಳೆಯೊಬ್ಬರ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಐವರು ಹುಡುಗರಿಗೆ ಶಿಕ್ಷೆಯಾಗಿತ್ತು. 2002ರಲ್ಲಿ ಮತಿಯಾಸ್ ರೆಯೆಸ್ ಎಂಬ ಕೈದಿ ತಾನೊಬ್ಬನೇ ಮಾಡಿದ್ದೆಂದು ಒಪ್ಪಿಕೊಂಡ, ಡಿಎನ್‌ಎಯೂ ಹೊಂದಿತು. ಬೇರೆ ಅಪರಾಧಗಳಿಗಾಗಿ ಅವನು ಆಗಲೇ ಜೀವಾವಧಿಯಲ್ಲಿದ್ದ, ಆದರೆ ಈ ಅಪರಾಧಕ್ಕೆ ಮೊಕದ್ದಮೆ ಹೂಡುವ ಕಾಲ ಮೀರಿತ್ತು. ಅಂದಹಾಗೆ, ಆ ಪ್ರಕರಣದ ಮಹಿಳೆ ಯಾರನ್ನೂ ಗುರುತಿಸಿರಲಿಲ್ಲ. ತಲೆಗೆ ಬಿದ್ದ ಪೆಟ್ಟಿನಿಂದ ಆಕೆಗೆ ಆ ರಾತ್ರಿಯ ನೆನಪೇ ಇರಲಿಲ್ಲ. ಹುಡುಗರ ಬಾಯಿಂದ ಪಡೆದ ತಪ್ಪೊಪ್ಪಿಗೆಗಳ ಮೇಲೆ ಶಿಕ್ಷೆ ನಿಂತಿತ್ತು. ಸಂತ್ರಸ್ತೆ ಒಂದು ಮಾತೂ ಆಡದಿದ್ದರೂ ನಿರಪರಾಧಿಗಳು ಜೈಲಿಗೆ ಹೋಗುತ್ತಾರೆ ಎಂಬುದನ್ನೂ ಅಕ್ಕ ತಿಳಿಯಬೇಕು.

ವರದಿಗಾರರ ವಿಷಯ ಬೇಗ ಮುಗಿಸುತ್ತೇನೆ. ಅಕ್ಕನ ಫೋನ್ ಕೆಲವು ದಿನ ನಿಮ್ಮ ಬಳಿ ಇರಲಿ. ಮಾತಾಡಲೇಬೇಕೆಂಬ ಕಾನೂನಿಲ್ಲ. ಏನಾದರೂ ಹೇಳಬೇಕೆನ್ನಿಸಿದರೆ ಇಷ್ಟು ಸಾಕು: "ಬಿಡುಗಡೆಯಾದವರಿಗೆ ಆದ ಅನ್ಯಾಯಕ್ಕೆ ನಮಗೆ ತೀವ್ರ ದುಃಖವಿದೆ. ನಮ್ಮ ಮನೆಯವಳ ಮೇಲಿನ ಅಪರಾಧ ಇನ್ನೂ ಬಗೆಹರಿದಿಲ್ಲ. ದಯವಿಟ್ಟು ನಮ್ಮನ್ನು ನಮ್ಮಷ್ಟಕ್ಕೆ ಬಿಡಿ." ಇದನ್ನು ಹೇಳುವವರು ಒಬ್ಬರೇ ಇರಲಿ. ಜಾಲತಾಣದ ಕಮೆಂಟುಗಳಿಗೆ ಉತ್ತರ ಬರೆಯಬೇಡಿ. ಅಕ್ಕನ ಹೆಸರನ್ನೋ ಚಿತ್ರವನ್ನೋ ಹಾಕಿದ್ದರೆ ಅದರ ಪ್ರತಿಯನ್ನು ಉಳಿಸಿಕೊಂಡು ವಕೀಲರಿಗೆ ಕೊಡಿ.

ಆ ಮನುಷ್ಯನಿಗೆ ಕ್ಷಮೆ ಕೇಳಬೇಕು, ಒಮ್ಮೆ ನೋಡಬೇಕು ಎಂದು ಅಕ್ಕನಿಗೆ ಅನ್ನಿಸಬಹುದು. ಥಾಂಪ್ಸನ್ ಮತ್ತು ಕಾಟನ್ ಬಿಡುಗಡೆಯ ಎರಡು ವರ್ಷದ ನಂತರ, 1997ರಲ್ಲಿ, ಭೇಟಿಯಾದರು. ಆತ ಕ್ಷಮಿಸಿದರು. ಆಮೇಲೆ ಇಬ್ಬರೂ ಸ್ನೇಹಿತರಾಗಿ, ಗುರುತಿಸುವ ಪದ್ಧತಿ ಬದಲಾಗಬೇಕೆಂದು ಜೊತೆಯಾಗಿ ಊರೂರು ತಿರುಗಿ ಮಾತಾಡಿದರು. 2015ರಲ್ಲಿ ಥಾಂಪ್ಸನ್ ಹೀಲಿಂಗ್ ಜಸ್ಟಿಸ್ ಎಂಬ ಸಂಸ್ಥೆ ಕಟ್ಟಿದರು. ಅಪರಾಧಕ್ಕೆ ಒಳಗಾದವರು, ತಪ್ಪಾಗಿ ಶಿಕ್ಷೆ ಅನುಭವಿಸಿದವರು, ಎರಡೂ ಕಡೆಯ ಮನೆಯವರು ಅಲ್ಲಿ ಒಟ್ಟಿಗೆ ಕೂರುತ್ತಾರೆ. ಅವರ ಕಥೆ ದೊಡ್ಡದು, ನನಗೂ ಬಹಳ ಧೈರ್ಯ ಕೊಟ್ಟಿದೆ. ಆದರೆ ಅದನ್ನು ನಿಮ್ಮ ಅಕ್ಕನ ಮುಂದೆ ಮಾದರಿಯೆಂದು ಇಡಬೇಡಿ. ಮೊದಲ ತಿಂಗಳಲ್ಲಿ ಬರುವ ಭೇಟಿಯ ಹಂಬಲ ಎಷ್ಟೋ ಸಲ ತನ್ನನ್ನು ದಂಡಿಸಿಕೊಳ್ಳುವ ಹಂಬಲವಾಗಿರುತ್ತದೆ. ಆ ಮನುಷ್ಯನಿಗೂ ಬೇಡ ಎನ್ನುವ ಹಕ್ಕಿದೆ. ಆತ ಕ್ಷಮಿಸಬೇಕೆಂಬ ಕಟ್ಟುಪಾಡಿಲ್ಲ. ಈಗ ಒಂದು ಪತ್ರ ಬರೆದಿಟ್ಟುಕೊಳ್ಳಲಿ, ಕಳಿಸುವುದು ಬೇಡ. ಕೆಲವು ತಿಂಗಳಾದ ಮೇಲೂ ಮನಸ್ಸು ಹಾಗೇ ಇದ್ದರೆ, ಇಬ್ಬರ ಕಡೆಯಿಂದಲೂ ಒಪ್ಪಿಗೆ ಪಡೆದು, ಇಂಥ ಭೇಟಿಗಳನ್ನು ನಡೆಸಿ ಅನುಭವವಿರುವವರ ಮೂಲಕವೇ ಮುಂದುವರಿಯಲಿ. ಮೊದಲು ವಕೀಲರನ್ನು ಕೇಳಿ. ಪರಿಹಾರದ ಮೊಕದ್ದಮೆ ನಡೆಯುತ್ತಿದ್ದರೆ ಅಕ್ಕನ ಒಂದೊಂದು ಸಾಲೂ ಅಲ್ಲಿ ಬಳಕೆಯಾಗಬಹುದು.

ನಿಮ್ಮ ಪ್ರಕರಣದಲ್ಲಿ ಡಿಎನ್‌ಎ ಸ್ಪಷ್ಟವಾಗಿ ಹೇಳಿದೆ. ಎಲ್ಲರಿಗೂ ಹಾಗಿರುವುದಿಲ್ಲ. ಸಾಕ್ಷ್ಯ ಸಾಲದೆಂದೋ ವಿಚಾರಣೆ ನ್ಯಾಯಯುತವಾಗಿರಲಿಲ್ಲವೆಂದೋ ಶಿಕ್ಷೆ ರದ್ದಾದಾಗ, ಅವನೇ ಮಾಡಿದ್ದೋ ಇಲ್ಲವೋ ಎಂಬುದು ತೂಗುತ್ತಲೇ ಇರುತ್ತದೆ. ಆಗ ಸಂತ್ರಸ್ತರಿಗೆ ಏನು ನಂಬಬೇಕೆಂದು ಯಾರೂ ಪಾಠ ಹೇಳಬಾರದು. ಕೊಲೆಯಾದವರ ಮನೆಯವರ ಕಷ್ಟ ಇನ್ನೊಂದು ಬಗೆಯದು. ಅವರು ಯಾರನ್ನೂ ಗುರುತಿಸಿರುವುದಿಲ್ಲ, ಆದರೆ ವರ್ಷಗಟ್ಟಲೆ ಒಬ್ಬನನ್ನು ದ್ವೇಷಿಸುತ್ತ ಬಂದಿರುತ್ತಾರೆ. ಆ ದ್ವೇಷವನ್ನು ಈಗ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ನಿಮ್ಮ ಮನೆಯಲ್ಲೂ ಅದು ಸ್ವಲ್ಪ ಇರಬಹುದು. ಹದಿನೇಳು ವರ್ಷ ನೀವೂ ಆ ಮನುಷ್ಯನನ್ನು ಶಪಿಸಿರಬಹುದು. ಅದನ್ನು ಹೇಳಿಕೊಳ್ಳಲು ನಿಮಗೂ ಒಬ್ಬರು ಬೇಕು, ಅವರು ಅಕ್ಕ ಆಗದಿರಲಿ.

ಆಪ್ತಸಮಾಲೋಚಕರನ್ನು ಹುಡುಕುವಾಗ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರೊಡನೆ ಕೆಲಸ ಮಾಡಿ ಅನುಭವವಿರುವವರನ್ನೇ ಕೇಳಿ. ಆಘಾತದ ನೆನಪುಗಳಿಗೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ, ಹಳೆಯ ಗಾಯಕ್ಕೂ ಅವು ನಾಟುತ್ತವೆ. ಮೊದಲ ಭೇಟಿಯಲ್ಲೇ ಶಿಕ್ಷೆ ರದ್ದಾದ ವಿಷಯ ಹೇಳಿಬಿಡಲಿ. ಅದು ತಿಳಿಯದಿದ್ದರೆ ಚಿಕಿತ್ಸೆ ಕೊಡುವವರು ಹಳೆಯ ದಾಳಿಯ ಸುತ್ತಲೇ ಸುತ್ತುತ್ತಾರೆ.

ಒಂದು ವಿಚಿತ್ರಕ್ಕೆ ಅಕ್ಕನನ್ನು ಮೊದಲೇ ಸಿದ್ಧಪಡಿಸಿ. ಎಲ್ಲ ಗೊತ್ತಾದ ಮೇಲೂ ಕನಸಿನಲ್ಲಿ ಬರುವುದು ಆ ನಿರಪರಾಧಿಯ ಮುಖವೇ. ಕಾಟನ್ ಅಲ್ಲವೆಂದು ತಿಳಿದ ಮೇಲೂ ಆ ರಾತ್ರಿಯನ್ನು ನೆನೆದಾಗ ಆತನ ಮುಖವೇ ಕಾಣುತ್ತಿತ್ತು ಎಂದು ಥಾಂಪ್ಸನ್ ಹೇಳಿದ್ದಾರೆ. ಇದರಿಂದ ಹೆಂಗಸರು ಹೆದರಿ, "ಹಾಗಾದರೆ ಅವನೇ ಇರಬಹುದೇ, ಇಲ್ಲಾ ನಾನು ಅಷ್ಟು ಕೆಟ್ಟವಳೇ" ಎಂದು ಎರಡು ಕಡೆಗೂ ಜಗ್ಗಾಡುತ್ತಾರೆ. ಎರಡೂ ಅಲ್ಲ. ವರ್ಷಗಟ್ಟಲೆ ಅಚ್ಚೊತ್ತಿದ ಚಿತ್ರ ಒಂದು ವರದಿಯಿಂದ ಅಳಿಯುವುದಿಲ್ಲ. ನಿಜವಾದವನ ಫೋಟೊ ಸಿಕ್ಕರೆ ಅದನ್ನು ತೋರಿಸಿ "ಇವನನ್ನು ನೆನೆ" ಎಂದು ಒತ್ತಾಯಿಸಬೇಡಿ. ಮತ್ತೊಮ್ಮೆ ಮುಖ ಗುರುತಿಸುವ ಪರೀಕ್ಷೆಗೆ ಅವರನ್ನು ಕೂರಿಸಿದಂತೆ ಆಗುತ್ತದೆ.

ಕೊನೆಗೆ ನಿಮ್ಮ ಅಮ್ಮ. ಅವರು "ಮರೆತುಬಿಡು" ಎನ್ನುತ್ತಿರುವುದು ಕಲ್ಲುಮನಸ್ಸಿನಿಂದ ಅಲ್ಲ. ಮಗಳು ಒಮ್ಮೆ ಆ ಬಾವಿಯಿಂದ ಮೇಲೆ ಬಂದದ್ದನ್ನು ಕಂಡವರು, ಮತ್ತೆ ಬೀಳುವುದನ್ನು ನೋಡಲಾರರು. ಅವರಿಗೆ ಬುದ್ಧಿ ಹೇಳಬೇಡಿ, ಒಂದು ಕೆಲಸ ಕೊಡಿ. ರಾತ್ರಿ ಅಕ್ಕನಿಗೆ ಎಚ್ಚರವಾದಾಗ ಎದ್ದುಹೋಗಿ ಬಾಗಿಲು ನೋಡಿ ಬರುವವರು ಅಮ್ಮನಾಗಲಿ. ನೋಡಿ ಬಂದು, "ಹಾಕಿದೆ ಮಗಾ, ನಾನೇ ನೋಡಿ ಬಂದೆ" ಎಂದು ಹೇಳಿ ಪಕ್ಕದಲ್ಲಿ ಮಲಗಲಿ.